ಕಾವಲುಗಾರನ ಹೆಬ್ಬೆರಳು

ಸಿರಿಗೆ ಎರಡು ವರ್ಷ ಎಂಟು ತಿಂಗಳು ತುಂಬಿದರೂ ಒಂದೇ ಒಂದು ಮಾತು ಬಂದಿರಲಿಲ್ಲ. ತಾಯಿ ಭಾನುಪ್ರಿಯಳಿಗೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೊದಲು ನೆನಪಾಗುತ್ತಿದ್ದುದು ಇದೇ. ಹಾಲು ಕಾಯಿಸುವಾಗ, ಬಟ್ಟೆ ಹಿಂಡುವಾಗ, ರೇಷ್ಮೆಹುಳುವಿನ ಮನೆಗೆ ಸೊಪ್ಪು ಹೊರುವಾಗ, ಕಾಲಲ್ಲಿ ಮುರಿದು ಉಳಿದ ಜಾಲಿಮುಳ್ಳಿನ ಹಾಗೆ ಅದು ಜೊತೆಯಲ್ಲೇ ಇರುತ್ತಿತ್ತು. ಮಗು ಯಾವ ವಯಸ್ಸಿಗೆ ಎಷ್ಟು ಮಾತಾಡಬೇಕು ಎಂಬ ಪಟ್ಟಿಯೊಂದು ಅವಳು ಬೆಂಗಳೂರಿನಿಂದ ತಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿತ್ತು. ಆ ಪುಟವನ್ನು ಎಷ್ಟು ಸಲ ತೆರೆದಿದ್ದಳೆಂದರೆ ಪುಸ್ತಕ ಕೈಜಾರಿ ಬಿದ್ದರೂ ಅಲ್ಲೇ ತೆರೆದುಕೊಳ್ಳುತ್ತಿತ್ತು.

ಕೋಡಿಹಳ್ಳಿಯ ಆ ಮನೆಯಲ್ಲಿ ಗಾಬರಿಯಾಗಿದ್ದವಳು ಅವಳೊಬ್ಬಳೇ. ಗಂಡ ಅಶ್ವಥ್‌ಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಸರಿಹೊಂದದೆ ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ. ಬಂದವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಿ, "ಚೆನ್ನಾಗೇ ಅವ್ಳಲ್ಲ ಕಣೇ" ಎಂದು ಮತ್ತೆ ಬೈಕ್ ಹತ್ತುತ್ತಿದ್ದ. ಅತ್ತೆ ಸಿದ್ದಮ್ಮನದು ಬೇರೆಯೇ ಸಮಾಧಾನ.

"ಅವ್ರಪ್ಪನೂ ಮೂರು ವರ್ಸ ತುಂಬೋಗಂಟ ಬಾಯೇ ಬುಟ್ಟಿರ್ಲಿಲ್ಲ. ಈಗ ನೋಡು, ಯೂನಿಯನ್ ಮೀಟಿಂಗ್‌ನಾಗೆ ಅವ್ನ ಬಾಯಿ ಮುಚ್ಚಿಸೋಕೆ ನಾಕು ಜನ ಬೇಕಂತೆ. ನೀನು ಸುಮ್ಕೆ ಇರವ್ವ."

ಸುಮ್ಮನಿರು ಎಂದವರೂ ಸುಮ್ಮನಿರಲಿಲ್ಲ. ಸಿದ್ದಮ್ಮ ದಿನಾ ಬೆಳಿಗ್ಗೆ ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ಮೊಮ್ಮಗಳ ನಾಲಿಗೆಗೆ ಸವರುತ್ತಿದ್ದರು. ಉಯ್ಯಂಬಳ್ಳಿಯ ನೆಂಟರೊಬ್ಬರು ಯಾವುದೋ ಬೇರು ತಂದುಕೊಟ್ಟು, ಅದನ್ನೂ ನಾಲಿಗೆಗೇ ತಿಕ್ಕಬೇಕೆಂದರು. ದೇವರ ತೀರ್ಥ ಬಂದರೂ ನಾಲಿಗೆಗೆ. ಕನಕಪುರದ ಡಾಕ್ಟರು ಮಾತ್ರ ಕಿವಿಯ ವಿಚಾರ ಕೇಳಿದ್ದರು, ಅದೂ ಒಂದೇ ಪ್ರಶ್ನೆ.

"ಕರೆದರೆ ತಿರುಗಿ ನೋಡುತ್ತಾಳಾ?"

"ನೋಡುತ್ತಾಳೆ ಡಾಕ್ಟ್ರೇ."

ಅದು ಸುಳ್ಳಾಗಿರಲಿಲ್ಲ. ಪಡಸಾಲೆಯ ಹಲಸಿನ ಹಲಗೆಯ ಮಂಚದ ಮೇಲೆ ಸಿರಿ ಬೆನ್ನು ಮಾಡಿ ಕೂತಿದ್ದಾಗ ಭಾನು ಅವಳ ಹಿಂದೆ ಸ್ಟೀಲ್ ತಟ್ಟೆ ಇಟ್ಟು ಸೌಟಿನಿಂದ ಬಡಿದು ಪರೀಕ್ಷೆಯನ್ನೂ ಮಾಡಿದ್ದಳು. ಮಗು ತಟ್ಟನೆ ತಿರುಗಿತ್ತು. ಅಜ್ಜಿಯಂತೂ ಮಂಚದ ಅಂಚನ್ನು ಅಂಗೈಯಿಂದ ಎರಡು ಸಲ ತಟ್ಟಿ "ಬಾ ನನ್ ಕೂಸೆ" ಎಂದರೆ ಸಾಕು, ಎಲ್ಲ ಬಿಟ್ಟು ಮಂಚದ ಮೇಲೇ ಅಂಬೆಗಾಲಿಟ್ಟುಕೊಂಡು ಬರುತ್ತಿತ್ತು. "ಹಾಗಾದರೆ ಇನ್ನಾರು ತಿಂಗಳು ಕಾಯಿರಿ" ಎಂದಿದ್ದರು ಡಾಕ್ಟರು.

ಕಿವಿಯ ಸಂಶಯ ಅಲ್ಲಿಗೆ ಮುಗಿದ ಮೇಲೆ ಭಾನುವಿನ ಮನಸ್ಸು ಬೇರೆ ತಪ್ಪಿತಸ್ಥನನ್ನು ಹುಡುಕಿತು. ಅವನು ಮನೆಯಲ್ಲೇ ಸಿಕ್ಕಿದ. ಮಾವ ಬೋರಲಿಂಗಯ್ಯ.

ಬೋರಲಿಂಗಯ್ಯನವರಿಗೆ ಅರವತ್ತೆಂಟರ ಮೇಲೆ. ಮೂರು ಎಕರೆ ಹಿಪ್ಪುನೇರಳೆ, ಒಂದು ಜೊತೆ ಎತ್ತು, ಒಂದೇ ಒಂದು ಸಿನಿಮಾ ಹುಚ್ಚು. ಸಿನಿಮಾಗಳ ಹುಚ್ಚಲ್ಲ, ಒಂದು ಸಿನಿಮಾದ್ದು. ಪ್ರಾಯದಲ್ಲಿ ಅವರು ಕನಕಪುರದ ಟೆಂಟಿನಲ್ಲಿ 'ಹದಿನೇಳನೇ ಮೈಲಿಕಲ್ಲು' ಎಂಬ ಕಪ್ಪುಬಿಳುಪು ಚಿತ್ರವನ್ನು ಒಂಬತ್ತು ಸಲ ನೋಡಿದ್ದರು. ಕಾಡಿನ ನಡುವಿನ ಪ್ರವಾಸಿ ಬಂಗಲೆ, ಅಲ್ಲೊಂದು ಕೊಲೆ, ಅದನ್ನು ಪತ್ತೆ ಮಾಡುವ ಇನ್ಸ್‌ಪೆಕ್ಟರು, ಅವನಿಗೊಬ್ಬಳು ನಾಯಕಿ, ಜೀಪು, ಪಿಸ್ತೂಲು. ಇದಾವುದೂ ಬೋರಲಿಂಗಯ್ಯನವರಿಗೆ ಬೇಕಿರಲಿಲ್ಲ. ಅವರು ನೋಡುತ್ತಿದ್ದುದು ಬಂಗಲೆಯ ಕಾವಲುಗಾರ ತಿಮ್ಮನನ್ನು. ಹುಟ್ಟು ಕಿವುಡ, ಮೂಗ. ಆ ಪಾತ್ರ ಮಾಡಿದ್ದವರು ನಾಟಕ ಕಂಪನಿಯಿಂದ ಬಂದ ಅಕ್ಕೂರು ನಂಜುಂಡಯ್ಯ ಎಂಬ ನಟ. ಶುರುವಿನಲ್ಲಿ ಹೆಸರುಗಳು ಓಡುವಾಗ ಅವರದು ಹನ್ನೊಂದನೆಯದು, ಅದೂ ಇನ್ನೂ ನಾಲ್ವರ ಜೊತೆ ಒಂದೇ ಸಾಲಿನಲ್ಲಿ.

ಈ ಹುಚ್ಚಿಗೆ ಒಂದು ಕಾರಣವಿತ್ತು. ಊರಲ್ಲಿ ಪೌರಾಣಿಕ ನಾಟಕ ಕಲಿಸಲು ಹಾರ್ಮೋನಿಯಂ ಮೇಷ್ಟ್ರು ಬಂದಾಗ ಪಾರ್ಟುಗಳನ್ನು ಹಂಚುವುದು ಗಂಟಲು ನೋಡಿಯಲ್ಲ, ವಂತಿಗೆ ನೋಡಿ. ಹೆಚ್ಚು ಕೊಟ್ಟವನು ದುರ್ಯೋಧನ, ಅವನಿಗಿಂತ ಒಂದು ಕೈ ಮೇಲಾದವನು ಕೃಷ್ಣ. ಬೋರಲಿಂಗಯ್ಯ ಪ್ರತಿ ಸಲವೂ ದ್ವಾರಪಾಲಕ. ಮೊದಲು ಕೈಯಲ್ಲಿ ದುಡ್ಡಿಲ್ಲದೆ ಆದದ್ದು. ರೇಷ್ಮೆಗೂಡಿಗೆ ಬೆಲೆ ಬಂದ ವರ್ಷ ಜೇಬು ತುಂಬಿದ್ದಾಗಲೂ ಅವರು ಅದನ್ನೇ ಕೇಳಿ ಪಡೆದರಂತೆ.

"ಯಾಕ್ಲಾ ಬೋರ, ಈ ಸಲವಾದ್ರೂ ಗದೆ ಇಡ್ಕಳ್ಲಾ" ಎಂದು ಪಂಚಾಯಿತಿಯ ಗಂಗಯ್ಯ ರೇಗಿಸಿದಾಗ ಅವರು ಹೇಳಿದ್ದು ಊರಲ್ಲಿ ಈಗಲೂ ನಗೆಯ ಮಾತು: "ಗದೆ ಯಾರು ಬೇಕಾದ್ರೂ ತಿರುಗಿಸ್ತಾನೆ ಕಣ್ಲಾ. ರಾತ್ರಿಯೆಲ್ಲ ಬಾಗ್ಲಾಗೆ ನಿಂತ್ಕಂಡು, ಜನ ನನ್ನ ಮರ್ತೋಗ್ದಂಗೆ ನಿಂತ್ಕತೀನಿ ನೋಡು, ಅದು ಪಾರ್ಟು. ನಂಜುಂಡಯ್ಯ ಕಲ್ಸವ್ನೆ ನಂಗೆ."

ನಂಜುಂಡಯ್ಯನವರನ್ನು ಅವರು ಒಮ್ಮೆಯೂ ಕಂಡವರಲ್ಲ.

ಮನೆಗೆ ವಿಸಿಡಿ ಪ್ಲೇಯರ್ ಬಂದ ವರ್ಷ ಬೋರಲಿಂಗಯ್ಯ ಕನಕಪುರದ ಸಿ.ಡಿ. ಅಂಗಡಿಯ ಹಬೀಬನ ಬೆನ್ನುಬಿದ್ದರು. ಅಶ್ವಥ್ ಆ ಕತೆಯನ್ನು ನಗುನಗುತ್ತ ಹೇಳುತ್ತಿದ್ದ. ಹಬೀಬ ಮೊದಲು ಕೇಳಿದ್ದು ಹೀರೊ ಯಾರು ಎಂದು.

"ಹೀರೊ ಯಾರೋ ಗೊತ್ತಿಲ್ಲ ಕಣಪ್ಪ. ಅಕ್ಕೂರು ನಂಜುಂಡಯ್ಯ ಅವ್ನೆ ಅದ್ರಾಗೆ."

"ಗೌಡ್ರೇ, ಹೀರೊ ಗೊತ್ತಿಲ್ಲ, ವಾಚ್‌ಮನ್ ಗೊತ್ತು ಅಂತೀರಿ. ಇದು ಮದ್ವೆಗೆ ಹೋಗಿ ಗಂಡು ಬ್ಯಾಡ, ಶಾಮಿಯಾನ ಹಾಕಿದೋನ್ನ ತೋರ್ಸು ಅಂದಂಗಾಯ್ತು."

"ಶಾಮಿಯಾನ ಬಿದ್ರೆ ಗಂಡು ಎಲ್ಲಿ ನಿಂತ್ಕತಾನೆ ಸಾಯಬ್ರೇ."

ಹಬೀಬ ಸೋತ. ಬೆಂಗಳೂರಿನಲ್ಲಿ ಯಾರ ಹತ್ತಿರವೋ ಹಳೆಯ ಟೇಪು ಹುಡುಕಿ, ಎರಡು ಡಿಸ್ಕಿಗೆ ಇಳಿಸಿ ತಂದುಕೊಟ್ಟ. ಅಂದಿನಿಂದ ಮಧ್ಯಾಹ್ನ ಕರೆಂಟು ಇದ್ದ ದಿನವೆಲ್ಲ ಹಲಸಿನ ಮಂಚದ ಮೇಲೆ ಅಜ್ಜ ಮೊಮ್ಮಗಳು ಇಬ್ಬರದೂ ಅದೇ ಸಿನಿಮಾ. ಸಿರಿ ತಿಮ್ಮನ ಹಾಗೆ ಹುಬ್ಬು ಹಾರಿಸಲು ಕಲಿತಳು. ನೀರು ಬೇಕಾದರೆ ತಿಮ್ಮನ ಹಾಗೆ ಬೊಗಸೆ ಮಾಡಿ ಗಲ್ಲಕ್ಕೆ ತಾಗಿಸುತ್ತಿದ್ದಳು. ಅಪ್ಪ ಬಂದರೆ ತಿಮ್ಮನ ಸಲಾಮು.

ಇದನ್ನು ಕಂಡಾಗಲೆಲ್ಲ ಭಾನು ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಮಾತು ಕಲಿಯುವ ವಯಸ್ಸಿನಲ್ಲಿ ಮಗು ಮೂಗನನ್ನು ನೋಡಿ ಕಲಿಯುತ್ತಿದೆ, ಕೈಸನ್ನೆಯಲ್ಲೇ ಎಲ್ಲ ಸಿಕ್ಕುವಾಗ ಅದು ಬಾಯಿ ಯಾಕೆ ತೆರೆದೀತು? ಆದರೆ ಮಾವನಿಗೆ ಹೇಳುವುದು ಹೇಗೆ. ಆ ಮನೆಯಲ್ಲಿ ಸೊಸೆ ಮಾವನ ಎದುರು ಕೂರುವುದಿಲ್ಲ, ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಮದುವೆಯಾದ ನಾಲ್ಕು ವರ್ಷದಲ್ಲಿ ಅವರಿಬ್ಬರ ನಡುವಿನ ಮಾತೆಲ್ಲ ಸಿದ್ದಮ್ಮನ ಮೂಲಕವೇ ಹೋಗಿ ಬಂದಿತ್ತು. "ಅವ್ವಂಗೆ ಕಾಫಿ ಸಾಕು ಅಂತ ಯೋಳು" ಎಂದು ಅವರು ಅಡುಗೆಮನೆಯ ಬಾಗಿಲಲ್ಲಿದ್ದ ಅವಳಿಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದರು.

ಒಂದು ಸೋಮವಾರ ಅವಳು ಆ ಎರಡೂ ಡಿಸ್ಕುಗಳನ್ನು ತನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಳು.

ಮಧ್ಯಾಹ್ನ ಬೋರಲಿಂಗಯ್ಯ ಟಿ.ವಿ. ಮೇಲೆ, ಕೆಳಗೆ, ಹಿಂದೆ ಹುಡುಕಿದರು. ಯಾರನ್ನೂ ಕೇಳಲಿಲ್ಲ. ಆಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆರಿದ ಟಿ.ವಿ. ಎದುರಿಗೇ ಮಂಚದ ಮೇಲೆ ಕೂತರು. ಕೂತು, ಹೆಗಲ ಟವಲಿನಿಂದ ಖಾಲಿ ಲೋಟವೊಂದನ್ನು ಒರೆಸತೊಡಗಿದರು. ಸಿನಿಮಾದಲ್ಲಿ ತಿಮ್ಮ ಲಾಟೀನಿನ ಗಾಜು ಒರೆಸುತ್ತಾನಲ್ಲ, ಹಾಗೆ. ಸಿರಿ ಅವರ ಮುಖವನ್ನೇ ನೋಡುತ್ತ ಕೂತಳು. ಅಡುಗೆಮನೆಯಿಂದ ಇದನ್ನು ಕಂಡ ಭಾನುವಿಗೆ ನಾಚಿಕೆಯಾಯಿತು. ಮುದುಕರ ಆಟಿಕೆ ಕಸಿದುಕೊಂಡ ಹಾಗಾಯಿತಲ್ಲ. ಮೂರು ದಿನ ತಡೆದು, ಗುರುವಾರ ಡಿಸ್ಕುಗಳನ್ನು ಟಿ.ವಿ. ಮೇಲೆ ಇಟ್ಟು, "ಬಟ್ಟೆ ಜೊತೆ ಸೇರಿಕೊಂಡಿತ್ತು ಅತ್ತೆ" ಎಂದು ಸುಳ್ಳು ಹೇಳಿದಳು.

ಬೋರಲಿಂಗಯ್ಯ ಡಿಸ್ಕು ತೆಗೆದುಕೊಂಡು, ಟವಲಿನಿಂದ ಒರೆಸಿ, ಹೆಂಡತಿಯ ಕಡೆ ತಿರುಗಿದರು.

"ಅವ್ವಂಗೆ ಒಸಿ ಕೂತ್ಕಂಡು ನೋಡಕ್ಕೆ ಯೋಳು."

"ಅವ್ಳೆಲ್ಲಿ ನೋಡಾಳು ನಿಮ್ ಮೂಗನ್ನ" ಎಂದರು ಸಿದ್ದಮ್ಮ.

"ಒಂದೇ ಸೀನು. ನೋಡ್ಲಿ ಅನ್ನು."

ಬೇಡವೆನ್ನಲಾರದೆ ಭಾನು ಕಂಬಕ್ಕೆ ಒರಗಿ ನಿಂತಳು. ಸಿನಿಮಾವನ್ನು ಮುಕ್ಕಾಲು ಭಾಗ ಮುಂದಕ್ಕೆ ಓಡಿಸಿ ಬೋರಲಿಂಗಯ್ಯ ರಿಮೋಟ್ ಕೆಳಗಿಟ್ಟರು. ಬಂಗಲೆಯ ಮರದ ಹಲಗೆಯ ಜಗುಲಿ. ತಿಮ್ಮ ಬರಿಗಾಲಲ್ಲಿ ಕೂತು ಲಾಟೀನಿನ ಗಾಜು ಒರೆಸುತ್ತಿದ್ದಾನೆ. ಅವನು ನಿಜವಾಗಿ ಕಿವುಡನೋ, ತನ್ನ ಗುಟ್ಟು ಕೇಳಿಸಿಕೊಳ್ಳಲು ನಟಿಸುತ್ತಿದ್ದಾನೋ ಎಂದು ಕೊಲೆಗಾರನಿಗೆ ಅನುಮಾನ. ಹಿಂದಿನಿಂದ ಬಂದು ದೊಡ್ಡ ಹಿತ್ತಾಳೆ ತಟ್ಟೆಯನ್ನು ಹಲಗೆಯ ಮೇಲೆ ಎತ್ತಿಹಾಕುತ್ತಾನೆ.

"ಮುಖ ನೋಡ್ಬ್ಯಾಡ ಕಣವ್ವ" ಎಂದರು ಬೋರಲಿಂಗಯ್ಯ. ಈ ಸಲ ಗೋಡೆಗಲ್ಲ, ಅವಳಿಗೇ. "ಕಾಲು ನೋಡು."

ತಿಮ್ಮನ ರೆಪ್ಪೆ ಅಲುಗಲಿಲ್ಲ. ಆದರೆ ಹಲಗೆಯ ಮೇಲಿದ್ದ ಬಲಗಾಲಿನ ಹೆಬ್ಬೆರಳು ಒಂದಿಷ್ಟು ಮೇಲೆದ್ದಿತು, ಇರುವೆ ಕಚ್ಚಿದ ಹಾಗೆ. ಆಮೇಲೆ ಗಾಜು ಒರೆಸುವ ಕೈ ನಿಂತಿತು. ಆಮೇಲೆ, ನಿಧಾನವಾಗಿ, ಅವನು ತಿರುಗಿದ.

"ಬೇರೆ ಯಾವ್ನಾರ ಆಗಿದ್ರೆ ಕಲ್ಲಿನಂಗೆ ಕುಂತ್ಬುಡೋನು. ಕಿವುಡ ಅಂದ್ರೆ ತಿರುಗ್ಬಾರ್ದು, ಅಷ್ಟೇ ಅವ್ರಿಗೆ ಗೊತ್ತಿರೋದು. ಈವಯ್ಯ ಎಲ್ಲೋ ಒಬ್ಬ ಕಿವುಡನ್ನ ವರ್ಸಾನುಗಟ್ಲೆ ನೋಡವ್ನೆ. ಅವ್ನಿಗೆ ಕಿವೀಲಿ ಬರಾಕಿಲ್ಲ, ಹಲಗೇಲಿ ಬತ್ತದೆ. ಈಗ ನೋಡು ಮುಂದಕ್ಕೆ."

ತಿಮ್ಮ ತಿರುಗಿದ್ದರಿಂದ ಕೊಲೆಗಾರನಿಗೆ ಇವನಿಗೆ ಕಿವಿ ಕೇಳಿಸುತ್ತದೆ ಎಂದು ಖಾತ್ರಿಯಾಗುತ್ತದೆ. ಪಿಸ್ತೂಲು ಹಿಡಿದು ಅವನನ್ನು ಅಂಗಳಕ್ಕೆ ಎಳೆದುತರುತ್ತಾನೆ. ಕೊಲ್ಲುವ ಮುಂಚೆ ಇನ್ನೊಂದು ಸಲ ನೋಡೋಣವೆಂದು, ಬೆನ್ನ ಹಿಂದೆ ನಿಂತು ಆಕಾಶಕ್ಕೆ ಗುಂಡು ಹಾರಿಸುತ್ತಾನೆ. ಅಂಗಳ ಮಣ್ಣಿನದು. ತಿಮ್ಮನ ಕಾಲಿನ ಬೆರಳು ಅಲುಗುವುದಿಲ್ಲ. ಅವನು ಎದುರಿನ ಮರದಿಂದ ಹಕ್ಕಿಗಳು ಒಟ್ಟಿಗೆ ಹಾರಿದ್ದನ್ನು ಕಂಡು, ಅದೇನೋ ಸೊಗಸೆಂಬಂತೆ ನಗುತ್ತಾನೆ. ಪಿಸ್ತೂಲು ಕೆಳಗಿಳಿಯುತ್ತದೆ. ಒಂದು ನಿಮಿಷದ ನಟನೆ ಇರಬಹುದು. ಹೆಸರೂ ಸರಿಯಾಗಿ ಹಾಕದ ಆ ಮನುಷ್ಯ ಅಷ್ಟರಲ್ಲಿ ಒಂದು ಜೀವಮಾನವನ್ನೇ ತೋರಿಸಿದ್ದ. ಸೆರಗಿನ ತುದಿ ತನ್ನ ಮುಷ್ಟಿಯಲ್ಲಿ ಮುದುಡಿದ್ದು ಭಾನುವಿಗೆ ಗೊತ್ತೇ ಆಗಿರಲಿಲ್ಲ.

ಅವಳು ಏನಾದರೂ ಹೇಳುವ ಮುಂಚೆಯೇ ಸಿದ್ದಮ್ಮ ಅಭ್ಯಾಸದಂತೆ ಮಂಚದ ಅಂಚನ್ನು ಎರಡು ಸಲ ತಟ್ಟಿದರು. "ಬಾ ನನ್ ಕೂಸೆ, ಅನ್ನ ಉಣ್ಣುವಂತೆ."

ಸಿರಿ ತಿರುಗಿದಳು.

ಭಾನು ಮಂಚವನ್ನು ನೋಡಿದಳು. ಹಲಸಿನ ಹಲಗೆ. ಅತ್ತೆಯ ಅಂಗೈ ಇನ್ನೂ ಅದರ ಮೇಲೇ ಇತ್ತು. ಮಗುವಿನ ಬರಿಗಾಲೂ ಅದರ ಮೇಲೇ ಇತ್ತು. ತಾನು ಸೌಟಿನಿಂದ ಬಡಿದ ತಟ್ಟೆಯನ್ನೂ ಇಟ್ಟದ್ದು ಅಲ್ಲೇ.

"ಮಾವ" ಎಂದಳು.

ಬೋರಲಿಂಗಯ್ಯ ಎದ್ದು ಮೊಮ್ಮಗಳನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದರು. ಮಣ್ಣಿನ ಮೇಲೆ ಗೋಣಿಚೀಲ ಹಾಸಿ, ಸಿರಿಯನ್ನು ಹುಲ್ಲಿನ ಮೆದೆಯ ಕಡೆ ಮುಖ ಮಾಡಿ ಕೂರಿಸಿ, ಕೈಗೆ ಹಿಪ್ಪುನೇರಳೆಯ ಕಡ್ಡಿ ನಾಲ್ಕು ಕೊಟ್ಟರು. ನೆರಳು ಮುಂದಕ್ಕೆ ಬೀಳದ ಹಾಗೆ ಪಕ್ಕಕ್ಕೆ ಸರಿದು ನಿಂತು, ಸೊಸೆಗೆ ಕೈ ಮಾಡಿದರು.

"ಕರಿ."

"ಸಿರಿ" ಎಂದಳು ಭಾನು. ಮಗು ಕಡ್ಡಿ ಜೋಡಿಸುತ್ತಿತ್ತು. "ಸಿರಿ, ಕಂದ" ಎಂದು ಜೋರಾಗಿ ಕರೆದಳು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಮಗು ಒಂದು ಕಡ್ಡಿಯನ್ನು ಬಾಯಿಗಿಟ್ಟುಕೊಂಡು ರುಚಿ ನೋಡಿತು.

"ದನಗಳ ಜಾತ್ರೇಲಿ ಎತ್ತು ಕೊಳ್ಳೋವಾಗ ಹಿಂಗೇ ನೋಡ್ತೀವಿ ನಾವು" ಎಂದರು ಬೋರಲಿಂಗಯ್ಯ, ತಗ್ಗಿದ ದನಿಯಲ್ಲಿ. "ಹಿಂದ್ಲಿಂದ ಟವಲ್ ಕೊಡ್ವಿದ್ರೆ ಕಿವಿ ನಿಮಿರ್ಬೇಕು." ಅವರು ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲನ್ನು ತೆಗೆದು, ಕಲಗಚ್ಚಿನ ಹಿತ್ತಾಳೆ ಕೊಳಗವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಒಂದೇ ಏಟು ಬಡಿದರು. ಕೊಟ್ಟಿಗೆಯ ಎತ್ತುಗಳು ತಲೆ ಎತ್ತಿದವು. ಮೆದೆಯ ಬುಡದಲ್ಲಿ ಕೆದಕುತ್ತಿದ್ದ ಕೋಳಿಗಳು ಕಿರುಚುತ್ತ ಚೆಲ್ಲಾಪಿಲ್ಲಿಯಾದವು.

ಸಿರಿ ಕೋಳಿಗಳು ಓಡುವುದನ್ನು ಕಂಡು ಕೇಕೆ ಹಾಕಿ ನಕ್ಕಳು. ಅವು ಯಾಕೆ ಓಡಿದವೆಂದು ಹಿಂದೆ ತಿರುಗಿ ನೋಡಲೇ ಇಲ್ಲ.

ಭಾನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಮಾವನ ಎದುರು ಕೂರಬಾರದೆಂಬುದು ನೆನಪಿಗೆ ಬರಲಿಲ್ಲ.

"ನಿಮಗೆ ಯಾವಾಗಿಂದ ಗೊತ್ತು?"

"ಗೊತ್ತು ಅಂತಲ್ಲ ಕಣವ್ವ. ಅನುಮಾನ. ಉಗಾದಿ ಮುಂಚಿಂದ."

"ಉಗಾದಿ ಆಗಿ ಆರು ತಿಂಗಳಾಯಿತು ಮಾವ. ಆರು ತಿಂಗಳು ಸುಮ್ಮನಿದ್ದಿರಾ? ನಾನು ಡಾಕ್ಟರ ಹತ್ತಿರ ಕೇಳಿಸುತ್ತೆ ಅಂತ ಹೇಳಿ ಬಂದೆ. ನನ್ನ ಬಾಯಿಂದಲೇ ಹೇಳಿ ಬಂದೆ." ಅವಳ ದನಿ ಏರಿತ್ತು. ಈ ಮನೆಯಲ್ಲಿ ಸೊಸೆಯ ದನಿ ಅಷ್ಟು ಏರಿದ್ದು ಅದೇ ಮೊದಲು.

ಬೋರಲಿಂಗಯ್ಯ ಕೊಳಗವನ್ನು ಕೆಳಗಿಟ್ಟರು. "ನಿಮ್ಮತ್ತೆಗೆ ಯೋಳ್ದೆ. ನನ್ ಮೊಮ್ಮಗೀಗೆ ಕೆಟ್ ಬಾಯಿ ಆಡ್ಬ್ಯಾಡ ಅಂತ ಬೈದ್ಲು. ನಿಂಗೆ ಯೋಳೋಣ ಅಂದ್ರೆ, ನೀನು ಓದ್ದೋಳು, ಬೆಂಗ್ಳೂರೋಳು. ದನ ನೋಡೋನು ಬಂದು ಮಗೀಗೆ ಕಿವಿ ಇಲ್ಲ ಅಂದ್ರೆ ನೀನು ಏನಂದ್ಕಂಡಿಯೆ. ಮೊದ್ಲೇ ಎದ್ರುಕೊಂಡಿದ್ದೆ. ನಂಜುಂಡಯ್ಯನ್ನ ನೋಡಿದ್ರೆ ನಿಂಗೇ ಗೊತ್ತಾಯ್ತದೆ ಅಂದ್ಕಂಡೆ. ದಿನಾ ಆಕ್ದೆ. ನೀನು ಒಳ್ಗೆ ಓಯ್ತಿದ್ದೆ." ಕುಡುಗೋಲನ್ನೂ ಕೊಳಗದ ಪಕ್ಕ ಇಟ್ಟು ಹೇಳಿದರು, "ತೆಪ್ಪಾಯ್ತು. ಬಾಯ್ಬುಟ್ಟು ಯೋಳ್ಬೇಕಾಗಿತ್ತು."

ಅವಳ ಕೋಪ ಹೋಗಿರಲಿಲ್ಲ. ಆದರೆ ಈ ಆರು ತಿಂಗಳ ಒಂದೊಂದು ಮಧ್ಯಾಹ್ನವೂ, ಆ ಮುದುಕರು ಡಿಸ್ಕು ಹಾಕಿ ಅಡುಗೆಮನೆಯ ಕಡೆ ಒಮ್ಮೆ ನೋಡಿ ಕೂರುತ್ತಿದ್ದುದು, ಈಗ ಬೇರೆಯೇ ಬೆಳಕಿನಲ್ಲಿ ಕಣ್ಣೆದುರು ಬಂತು. ಕಾಫಿ ಕೇಳಲು ನೋಡುತ್ತಿದ್ದಾರೆ ಎಂದುಕೊಂಡು ಅವಳು ಪ್ರತಿ ಸಲವೂ ಒಲೆ ಹಚ್ಚುತ್ತಿದ್ದಳು.

ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಸಿದ್ದಮ್ಮ ಅಡುಗೆಮನೆಯ ಹೊಸಿಲಲ್ಲಿ ಅನ್ನದ ತಟ್ಟೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಕಿಟಕಿಯಿಂದ ನೋಡಿದ್ದರು.

"ಅಶ್ವಥ ಬರ್ಲಿ ಭಾನುವಾರ. ಆಮೇಕೆ ನೋಡಾನ" ಎಂದರು. ದನಿಯಲ್ಲಿ ಮೊದಲಿನ ಖಚಿತತೆ ಇರಲಿಲ್ಲ. "ಹೆಣ್ಮಗ. ಒಂದ್ಕಿತ ಕಿವುಡಿ ಅಂತ ಹೆಸ್ರು ಬಿದ್ರೆ ಹೋಗಾಕಿಲ್ಲ ಕಣವ್ವ."

ಭಾನುವಿಗೂ ಅದೇ ಹೆದರಿಕೆ. ಆ ಒಂದು ಮಾತನ್ನು ಬಾಯಲ್ಲಿ ಆಡಿದರೆ ಅದು ನಿಜವಾಗಿಬಿಡುತ್ತದೆ. ಮಾತು ತಡವಾಗಿ ಬರುತ್ತದೆ ಎಂದುಕೊಂಡಿದ್ದರೆ ನಾಳೆ ಬಂದೀತು ಎಂಬ ಆಸೆಯಾದರೂ ಇರುತ್ತದೆ. ಭಾನುವಾರಕ್ಕೆ ಮೂರೇ ದಿನ. ಮೂರು ದಿನದಲ್ಲಿ ಏನು ಮುಳುಗುತ್ತದೆ? ಅಶ್ವಥ್ ಬಂದು ಹೆಗಲ ಮೇಲೆ ಕೂರಿಸಿಕೊಂಡು "ಚೆನ್ನಾಗೇ ಅವ್ಳಲ್ಲ" ಎನ್ನುತ್ತಾನೆ. ಅಲ್ಲಿಂದ ದೀಪಾವಳಿ, ಸಂಕ್ರಾಂತಿ. ಆಮೇಲೆ ಮೂರು ತುಂಬುತ್ತದೆ, ನಾಲ್ಕು ತುಂಬುತ್ತದೆ. ಲೋಕವೆಲ್ಲ ಯಾಕೆ ಓಡುತ್ತಿದೆ ಎಂದು ತಿಳಿಯದೆ ತನ್ನ ಮಗಳು ನಗುತ್ತ ಕೂತಿರುತ್ತಾಳೆ.

ಅವಳು ಸಿರಿಯನ್ನು ಅಜ್ಜಿಯ ಮಡಿಲಿಗೆ ಕೊಟ್ಟು ಪಡಸಾಲೆಯ ಮೂಲೆಯ ಫೋನಿನ ಹತ್ತಿರ ಹೋದಳು. ಟೆಲಿಫೋನ್ ಇಲಾಖೆಯ ವಿಚಾರಣೆಗೆ ಫೋನ್ ಮಾಡಿ, ಬೆಂಗಳೂರಿನಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುವ ಆಸ್ಪತ್ರೆಯ ನಂಬರ್ ಕೇಳಿದಳು. ಬರೆದುಕೊಳ್ಳಲು ಏನೂ ಸಿಗದೆ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಳು. ಮೊದಲ ಸಲ ಎಂಗೇಜ್ ಬಂತು. ಎರಡನೇ ಸಲವೂ. ಸದ್ಯ ಹತ್ತಲಿಲ್ಲ ಎಂದು ಅವಳ ಒಳಗಿನ ಯಾರೋ ಒಬ್ಬರು ಉಸಿರುಬಿಟ್ಟರು. ಬಾಗಿಲ ಹತ್ತಿರ ಬೋರಲಿಂಗಯ್ಯ ನಿಂತಿದ್ದರು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಮೂರನೇ ಸಲ ರಿಂಗಾಯಿತು. ಅತ್ತ ಕಡೆ ಒಬ್ಬ ಹೆಂಗಸು ಎತ್ತಿಕೊಂಡಳು, ಅವಸರದ ದನಿ.

"ಹೇಳಿ, ಯಾರಿಗೆ ತೋರಿಸಬೇಕು?"

"ನನ್ನ ಮಗಳಿಗೆ. ಎರಡು ವರ್ಷ ಎಂಟು ತಿಂಗಳು."

"ಏನು ತೊಂದರೆ?"

ಭಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವಳಿಗೆ ಕಿವಿ ಕೇಳಿಸುವುದಿಲ್ಲ ಮೇಡಂ" ಎಂದಳು. "ನಾವು ನೋಡಿದೆವು. ನಾಳೆ ಬರಬಹುದಾ?"